ಜಗವನ್ನಿಳಿಸಲು ಜಾಗವೆಲ್ಲಿ?

ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯು ಸಮೀಪಿಸಿತೆಂದರೆ ಬೆಳಗಾವಿ ಜಿಲ್ಲೆಯ ದಾರಿಗಳೆಲ್ಲ ಸವದತ್ತಿಯ ಕಡೆಗೆ ಮುಖ ಮಾಡುವವು. ಎತ್ತಿನ ಬಂಡಿಗಳ ಸಾಲಿನೊಡನೆ ಈಗ ಟ್ರ್ಯಾಕ್ಟರು, ಜೀಪು, ಬಸ್ಸುಗಳೂ ಸೇರಿಕೊಂಡಿರುವವು. ಭಂಡಾರದ ಹಳದಿಯೂ 'ಉಧೋ ಉಧೋ' ಎಂಬ ಘೋಷವೂ ಹಿಂದಿನಂತೆಯೇ ಉಳಿದಿರುವವು. ಆ ಜನಸಂದಣಿಯಲ್ಲಿ ಸೀರೆಯುಟ್ಟು, ಕೊರಳಿಗೆ ಮುತ್ತು ಕಟ್ಟಿಕೊಂಡು, ತಲೆಯ ಮೇಲೆ ಎಲ್ಲಮ್ಮನ ಜಗವನ್ನು ಹೊತ್ತು, ಚೌಡಿಕೆಯ ಬಡಿತಕ್ಕೆ ಹೆಜ್ಜೆ ಹಾಕುತ್ತ ನಡೆಯುವ ಜೋಗಪ್ಪನಿಗೆ ದಾರಿ ಬಿಡದವರಿಲ್ಲ. ಕಾಲು ಮುಟ್ಟಿ ನಮಸ್ಕರಿಸದ ಹೆಣ್ಣುಮಕ್ಕಳಿಲ್ಲ. ಜಾತ್ರೆ ಮುಗಿದು ಮೂರು ದಿನಗಳಾದ ಮೇಲೆ ಅದೇ ಜೋಗಪ್ಪನು ಬೆಳಗಾವಿಗೆ ಬಂದು ವಡಗಾವಿಯ ಓಣಿಯಲ್ಲಿಯಾಗಲಿ ಶಹಾಪುರದ ಓಣಿಯಲ್ಲಿಯಾಗಲಿ ಬಾಡಿಗೆಗೆ ಒಂದು ಖೋಲಿಯನ್ನು ಕೇಳಲಿ! ಮನೆಯೊಡೆಯನಿಗೆ ಆಗ ಇದ್ದಕ್ಕಿದ್ದಂತೆ ಊರಿಂದ ಬರುವ ತಮ್ಮನ ನೆನಪಾಗುವದು, ಸುಣ್ಣ ಬಳಿಸಬೇಕಾದ ಗೋಡೆಯ ನೆನಪಾಗುವದು. ಮಂಗಳವಾರ ಶುಕ್ರವಾರಗಳಂದು ಪಡ್ಡಲಗಿಗೆ ಜೋಳ ಹಾಕಿ ಹಣೆಗೆ ಭಂಡಾರ ಹಚ್ಚಿಸಿಕೊಂಡ ಕೈಯೇ ಬಾಗಿಲನ್ನು ಮುಂದೆ ಮಾಡುವದು. ಹೊಸ್ತಿಲಿನ ಹೊರಗೆ ದೇವಿ, ಹೊಸ್ತಿಲಿನ ಒಳಗೆ ಅಪಾಯ; ಇದು ಎಂಥ ಭಕ್ತಿಯೋ ತಿಳಿಯದು.

ಈಚೆಗೆ ಜಾತ್ರೆಯ ಪಂಚಾಂಗದ ಪಕ್ಕದಲ್ಲಿ ಇನ್ನೊಂದು ಪಂಚಾಂಗವೂ ಸಿದ್ಧವಾಗಿದೆ. 1969ರ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಸ್ಟೋನ್‌ವಾಲ್ ಎಂಬ ಪಾನಗೃಹದಲ್ಲಿ ಪೋಲೀಸರ ದಾಳಿಯನ್ನು ಅಲ್ಲಿದ್ದವರು ಎದುರಿಸಿದ ನೆನಪಿಗಾಗಿ ಜೂನ್ ತಿಂಗಳು ಸ್ವಾಭಿಮಾನದ ತಿಂಗಳೆನಿಸಿತು. ಸಮಲಿಂಗಾನುರಾಗವನ್ನು ಜಾಗತಿಕ ಆರೋಗ್ಯ ಸಂಸ್ಥೆಯು 1990ರಲ್ಲಿ ರೋಗಗಳ ಪಟ್ಟಿಯಿಂದ ತೆಗೆದುಹಾಕಿದ ದಿನವೆಂದು ಮೇ 17 ಗಣ್ಯವಾಯಿತು. ದ್ವೇಷಕ್ಕೆ ಬಲಿಯಾದ ಲಿಂಗಾಂತರಿಗಳ ಸ್ಮರಣೆಗೆ ನವೆಂಬರ 20 ಇದೆ. ಬೆಂಗಳೂರಿನಲ್ಲಿ 2008ರಿಂದ ಮೆರವಣಿಗೆಯೂ ನಡೆದುಬಂದಿದೆ. ಈ ದಿನಗಳು ಬಂದಾಗ ಸಭೆ, ಹಾರ, ಭಾಷಣ, ಛಾಯಾಚಿತ್ರಗಳಿಗೆ ಕೊರತೆಯಿಲ್ಲ. ಸುದ್ದಿಯು ಅಚ್ಚಾಗುವದು, ಸುಶಿಕ್ಷಿತ ಗೃಹಸ್ಥರು ಚಹದೊಡನೆ ಅದನ್ನೋದಿ ಕಾಲ ಬದಲಾಯಿತೆಂದು ಸಮಾಧಾನಪಡುವರು. ಆದರೆ ಕಾರ್ಯಕ್ರಮವು ಮನೆಯಲ್ಲ. ಹಾರ ಹಾಕಿಸಿಕೊಂಡವರು ಸಭೆ ಮುಗಿದ ರಾತ್ರಿ ಎಲ್ಲಿಗೆ ಹೋದರೆಂಬುದನ್ನು ಯಾವ ವಾರ್ತಾಪತ್ರವೂ ಬರೆಯುವದಿಲ್ಲ.

ಖಾನಾಪುರ ತಾಲೂಕಿನ ಯಾವುದೋ ಹಳ್ಳಿಯಿಂದ, ತನ್ನ ನಡೆನುಡಿಗಳು ಹೆಣ್ಣಿನಂತಿರುವವೆಂದು ಬಡಿಸಿಕೊಂಡ ಹದಿನೆಂಟು ವರುಷದ ಹುಡುಗನೊಬ್ಬನು ಸಂಜೆಯ ಬಸ್ಸಿಗೆ ಬೆಳಗಾವಿಯಲ್ಲಿ ಇಳಿದನೆಂದು ಭಾವಿಸುವದು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತ ಅವನಿಗೆ 'ಇಂಥಲ್ಲಿಗೆ ಹೋಗು, ಅಲ್ಲಿ ನಿನ್ನವರಿದ್ದಾರೆ, ಬಾಗಿಲು ತೆರೆದಿದೆ' ಎಂದು ದಾರಿ ತೋರಿಸಬಲ್ಲ ವಿದ್ಯಾವಂತರು ಈ ನಗರದಲ್ಲಿ ಎಷ್ಟು ಜನ? ಪ್ರಶ್ನೆಯು ಸಣ್ಣದು. ಉತ್ತರವನ್ನು ಪ್ರತಿಯೊಂದು ಕುಟುಂಬವೂ ತನ್ನ ಪಡಸಾಲೆಯಲ್ಲಿಯೇ ಕೊಟ್ಟುಕೊಳ್ಳಬಹುದು.

ಇಂಥ ಒಂದು ಕೂಟದ ಮನೆಯು ಬೇಕೆಂದೊಡನೆ ಮೊದಲು ಏಳುವ ಆಕ್ಷೇಪವು ಇದು: 'ಇದೆಲ್ಲ ಪರದೇಶದ ಚಾಳಿ, ನಮ್ಮ ನಾಡಿನಲ್ಲಿ ಇದಿರಲಿಲ್ಲ.' ಈ ಮಾತನ್ನು ಆಡುವವರು ಸವದತ್ತಿಯಿಂದ ಎಂಬತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿ ಕುಳಿತು ಆಡುತ್ತಾರೆಂಬುದೇ ಆಶ್ಚರ್ಯ. ಗಂಡಾಗಿ ಹುಟ್ಟಿ, ಎಲ್ಲಮ್ಮನು ಮೈಮೇಲೆ ಬಂದಳೆಂದು ಸೀರೆಯುಟ್ಟು, ಮುತ್ತು ಕಟ್ಟಿಸಿಕೊಂಡು, ಜೀವಮಾನವೆಲ್ಲ ಆಕೆಯ ಪದಗಳನ್ನು ಹಾಡುವ ಜೋಗಪ್ಪಂದಿರ ಪರಂಪರೆಯು ಕೃಷ್ಣೆ ಮಲಪ್ರಭೆಯರ ಸೀಮೆಯಲ್ಲಿ ಬೇರುಬಿಟ್ಟದ್ದು. ಮಾನವಶಾಸ್ತ್ರಜ್ಞರಾದ ನಿಕೊಲಸ್ ಬ್ರಾಡ್‌ಫರ್ಡ್ ಎಂಬವರು 1983ರಲ್ಲಿಯೇ ಇದನ್ನು ಕುರಿತು ಪ್ರಬಂಧ ಬರೆದರು. ಗಡಿಯಾಚೆಯ ಕೊಲ್ಹಾಪುರ ಸೀಮೆಯಲ್ಲಿ ಇವರಿಗೆ ಜೋಗತಾ ಎಂದು ಹೆಸರು. ರಾಜನ ಗವಸ ಅವರ ಕಾದಂಬರಿಗಳಲ್ಲಿಯೂ, 'ಜೋಗವಾ' ಎಂಬ 2009ರ ಮರಾಠಿ ಚಿತ್ರದಲ್ಲಿಯೂ ಅವರ ಬಾಳು ಬಂದಿದೆ. ಗಡಿಯ ಜಗಳದಲ್ಲಿ ಊರೂರಿಗೆ ಎರಡೆರಡು ಪಕ್ಷಗಳಾದರೂ ಎಲ್ಲಮ್ಮನ ಮಕ್ಕಳು ಕನ್ನಡ ಮರಾಠಿಗಳೆರಡರಲ್ಲಿಯೂ ಆಕೆಯನ್ನು ಕರೆಯುತ್ತ ಬಂದಿರುವರು. ಅಷ್ಟೇಕೆ, ಗಮಕಿಯು ವಿರಾಟಪರ್ವವನ್ನು ಓದುವಾಗ ಬೃಹನ್ನಳೆಗೆ ತಲೆದೂಗದ ಮನೆಯಾವದು? ಉತ್ತರೆಗೆ ನಾಟ್ಯ ಕಲಿಸಲು ವಿರಾಟರಾಯನು ಬೃಹನ್ನಳೆಗೆ ಅಂತಃಪುರದಲ್ಲಿಯೇ ಸ್ಥಳ ಕೊಟ್ಟನು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರು ತಾರುಣ್ಯದಲ್ಲಿ ಸ್ತ್ರೀಪಾತ್ರಗಳನ್ನು ಧರಿಸಿದಾಗ ಇದೇ ಜನರ ಅಜ್ಜಂದಿರು ಚಪ್ಪಾಳೆ ತಟ್ಟಿದರು. ರಂಗದ ಮೇಲಿನ ಸೀರೆಗೆ ಚಪ್ಪಾಳೆ, ಗುಡ್ಡದ ಮೇಲಿನ ಸೀರೆಗೆ ನಮಸ್ಕಾರ. ಓಣಿಯಲ್ಲಿಯ ಸೀರೆಗೆ ಮಾತ್ರ ಕಲ್ಲು!

ಪರದೇಶದಿಂದ ಬಂದದ್ದು ಯಾವದೆಂಬುದನ್ನು ಇತಿಹಾಸವೇ ಹೇಳುವದು. 1860ರಲ್ಲಿ ಆಂಗ್ಲ ಸರಕಾರವು ರಚಿಸಿದ ದಂಡಸಂಹಿತೆಯ 377ನೆಯ ಕಲಮು ನಿಸರ್ಗವಿರುದ್ಧವೆಂಬ ಹೆಸರಿನಿಂದ ಈ ಜನರನ್ನು ಅಪರಾಧಿಗಳನ್ನಾಗಿ ಮಾಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು 'ನಪುಂಸಕ'ರ ಹೆಸರು, ವಾಸಸ್ಥಳಗಳ ದಾಖಲೆಯ ಪುಸ್ತಕವನ್ನಿಡಲು ಅಧಿಕಾರ ಕೊಟ್ಟಿತು. ಆ ರಾಜ್ಯವು ಹೋಯಿತು. ಆದರೆ 2011ರಲ್ಲಿ, ಸ್ವತಂತ್ರ ಭಾರತದ ಕರ್ನಾಟಕದಲ್ಲಿ, ಪೋಲೀಸ ಕಾಯಿದೆಗೆ 36-ಎ ಎಂಬ ಕಲಮನ್ನು ಸೇರಿಸಿ, ಸಂಶಯಕ್ಕೊಳಗಾದ 'ನಪುಂಸಕ'ರ ಹೆಸರು ವಾಸಸ್ಥಳಗಳ ಪುಸ್ತಕವನ್ನಿಡಲು ಮತ್ತೆ ಅಧಿಕಾರ ಕೊಡಲಾಯಿತು. ನೂರಾನಲವತ್ತು ವರುಷಗಳ ತರುವಾಯ ಅದೇ ಪುಸ್ತಕ! ಉಚ್ಚ ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಿದ ಮೇಲೆ ಸರಕಾರವು ಆ ಶಬ್ದವನ್ನು ತೆಗೆದು 'ವ್ಯಕ್ತಿ' ಎಂದು ಬರೆಯಿತು. ಆ ಕಲಮಿನ ವಿರುದ್ಧ ಹೋರಾಡಿದವರು ಆ ಜನರೇ. ಸಾಹಿತ್ಯ ಸಂಘಗಳಾಗಲಿ ವಿದ್ವತ್ಸಭೆಗಳಾಗಲಿ ಅದಕ್ಕಾಗಿ ನಿದ್ರೆ ಕೆಡಿಸಿಕೊಂಡದ್ದು ಅಪರೂಪ.

ಎರಡನೆಯ ಆಕ್ಷೇಪವು ಮೊದಲಿನದಕ್ಕಿಂತ ಸಭ್ಯವಾದದ್ದು. ಆದಕಾರಣ ಹೆಚ್ಚು ಮೋಸಗೊಳಿಸತಕ್ಕದ್ದು. 'ಕಾಯಿದೆಯು ಎಲ್ಲವನ್ನೂ ಕೊಟ್ಟಾಗಿದೆ, ಇನ್ನು ಮನೆಯೇಕೆ?' ಎಂಬುದು ಅದು. ಕೊಟ್ಟದ್ದು ನಿಜ. ತನ್ನ ಲಿಂಗತ್ವವನ್ನು ತಾನೇ ನಿರ್ಣಯಿಸಿಕೊಳ್ಳುವದು ವ್ಯಕ್ತಿಯ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2014ರ ಎಪ್ರಿಲ್ 15ರಂದು ಸಾರಿತು. 2018ರ ಸಪ್ಟೆಂಬರ 6ರಂದು, ವಯಸ್ಕರು ಒಪ್ಪಿ ಕೂಡುವ ಮಟ್ಟಿಗೆ 377ನೆಯ ಕಲಮಿನ ಹಲ್ಲನ್ನು ಕಿತ್ತಿತು. ಕರ್ನಾಟಕವು 2017ರಲ್ಲಿ ಲಿಂಗಾಂತರಿಗಳಿಗಾಗಿ ಒಂದು ನೀತಿಯನ್ನು ಅಂಗೀಕರಿಸಿತು. 2021ರಲ್ಲಿ ಸರಕಾರಿ ನೌಕರಿಯ ನೇರ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನು ಎಲ್ಲ ವರ್ಗಗಳಲ್ಲಿಯೂ ಅಡ್ಡಲಾಗಿ ಕೊಟ್ಟ ಮೊದಲನೆಯ ರಾಜ್ಯವೆನಿಸಿತು. 2022ರ ಶಿಕ್ಷಕರ ನೇಮಕಾತಿಯಲ್ಲಿ ಮೂವರು ಲಿಂಗಾಂತರಿಗಳು ಆಯ್ಕೆಯಾದರು. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಸ್ತ್ರೀಯರಂತೆ ಇವರಿಗೂ ಬಸ್ಸಿನ ಪ್ರಯಾಣವು ಉಚಿತವಾಯಿತು.

ಇವೆಲ್ಲ ಸಣ್ಣ ಗಳಿಕೆಗಳಲ್ಲ. ಆದರೆ ಒಂದೊಂದನ್ನೂ ಹಿಡಿದು ನೋಡತಕ್ಕದ್ದು. ಬಸ್ಸು ಉಚಿತವಾಯಿತು, ಇಳಿಯುವ ಠಾವು ಯಾವದು? ಆ ಬಸ್ಸಿಗೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು; ಮನೆಯಿಂದ ಹೊರಗೆ ಹಾಕಲ್ಪಟ್ಟವರಿಗೆ ವಿಳಾಸವೆಲ್ಲಿಯದು? ಮೀಸಲಾತಿಯು ಬಂತು; ಏಳನೆಯ ಇಯತ್ತೆಯಲ್ಲಿಯೇ ಸಹಪಾಠಿಗಳ ಕಾಟಕ್ಕೆ ಶಾಲೆ ಬಿಟ್ಟ ಮಗುವಿಗೆ ಅರ್ಜಿ ಹಾಕಲು ಪ್ರಮಾಣಪತ್ರವೆಲ್ಲಿಯದು? ಜಿಲ್ಲಾಧಿಕಾರಿಗಳಿಂದ ಗುರುತಿನ ಪತ್ರವನ್ನು ಪಡೆಯುವ ಕ್ರಮವನ್ನು 2020ರ ನಿಯಮಗಳು ಹಾಕಿಕೊಟ್ಟವು. ಅರ್ಜಿಯ ನಮೂನೆಯನ್ನು ತುಂಬಿಕೊಡುವವರಾರು, ಪ್ರತಿಜ್ಞಾಪತ್ರವನ್ನು ಬರೆದುಕೊಡುವವರಾರು? 2011ರ ಜನಗಣತಿಯು ಗಂಡೂ ಅಲ್ಲದ ಹೆಣ್ಣೂ ಅಲ್ಲದ 'ಇತರ'ರೆಂದು ಕರ್ನಾಟಕದಲ್ಲಿ 20,266 ಜನರನ್ನು ಎಣಿಸಿತು. ಮನೆಯವರ ಎದುರಿಗೆ ಗಣತಿದಾರನಿಗೆ ತನ್ನ ನಿಜವನ್ನು ಹೇಳಲಾರದೆ ಸುಮ್ಮನಿದ್ದವರನ್ನು ಆ ಎಣಿಕೆಯಲ್ಲಿ ಹುಡುಕುವದು ವ್ಯರ್ಥ.

ಇನ್ನು ಕಾಯಿದೆಯ ಕಣ್ಣಿಗೆ ಕಾಣದೆ ಹೋದವರ ಸಂಗತಿ. ಬೆಳಗಾವಿಯು ಮುಂಬಯಿ ಇಲಾಖೆಯಲ್ಲಿದ್ದಾಗ 1934ರಲ್ಲಿ ದೇವದಾಸಿಯರ ಸಂರಕ್ಷಣೆಗೆಂದು ಕಾಯಿದೆ ಬಂತು. ಕರ್ನಾಟಕದಲ್ಲಿ 1982ರಲ್ಲಿ ದೇವರಿಗೆ ಬಿಡುವದನ್ನು ನಿಷೇಧಿಸುವ ಕಾಯಿದೆಯಾಯಿತು. ಎರಡೂ ಅವಶ್ಯವಾದವುಗಳೇ. ಆದರೆ ಅವುಗಳ ದೃಷ್ಟಿಯಲ್ಲಿ ದೇವರಿಗೆ ಬಿಡಲ್ಪಡುವವಳು ಹೆಂಗಸು. ಅದೇ ದೇವಿಗೆ, ಅದೇ ಮುತ್ತು ಕಟ್ಟಿಸಿಕೊಂಡ ಜೋಗಪ್ಪನು ಆ ಲೆಕ್ಕಕ್ಕೆ ಬರಲೇ ಇಲ್ಲ. 2019ರ ಲಿಂಗಾಂತರಿಗಳ ಕಾಯಿದೆಯು ಬಂದಾಗ ಅದರ 12ನೆಯ ಕಲಮು ವಾಸದ ವಿಷಯವನ್ನು ಎತ್ತಿತು. ಹೆತ್ತವರ ಮನೆಯಲ್ಲಿರುವ ಹಕ್ಕುಂಟು, ಅವರು ನೋಡಿಕೊಳ್ಳಲಾರದಿದ್ದರೆ ನ್ಯಾಯಾಲಯವು ಪುನರ್ವಸತಿ ಕೇಂದ್ರಕ್ಕೆ ಕಳಿಸುವದು ಎಂದಿತು. ಹೊಡೆದು ಹೊರಗೆ ಹಾಕಿದ ಮನೆ, ಇಲ್ಲವೆ ಸರಕಾರದ ಕೇಂದ್ರ! ಇವೆರಡರ ನಡುವೆ ನೂರಾರು ವರುಷಗಳಿಂದ ಇವರನ್ನು ಸಾಕಿದ ಗುರುವಿನ ಮನೆಯೊಂದುಂಟೆಂಬುದನ್ನು ಕಾಯಿದೆಯನ್ನು ಬರೆದವರು ಅರಿತಂತೆ ತೋರುವದಿಲ್ಲ. ಗುರುವಿನ ಮನೆಯೇ ಸ್ವರ್ಗವೆಂದು ಹೇಳುವದೂ ಸರಿಯಲ್ಲ; ಅಲ್ಲಿಯೂ ಋಣವುಂಟು, ಅಧೀನತೆಯುಂಟು, ಹೊರಬರಲಾರದ ಕಟ್ಟುಗಳುಂಟು. ಅದಕ್ಕಾಗಿಯೇ ಮೂರನೆಯ ಬಾಗಿಲು ಬೇಕು.

ಕೇಂದ್ರ ಸರಕಾರವು 2020ರಲ್ಲಿ ವಡೋದರೆಯಲ್ಲಿ ಮೊದಲನೆಯ ಗರಿಮಾ ಗೃಹವನ್ನು ತೆರೆದು ಆಶ್ರಯದ ಕೆಲಸಕ್ಕೆ ಕೈಹಾಕಿತು. ಆಶ್ರಯವು ಬೇರೆ, ಕೂಟದ ಮನೆಯು ಬೇರೆ. ಆಶ್ರಯಕ್ಕೆ ಹೋಗುವವನು ನಿರ್ಗತಿಕನಾಗಿಯೇ ಹೋಗಬೇಕು. ಕೂಟದ ಮನೆಗೆ ಉಂಡು ಉಟ್ಟವರೂ ಹೋಗುವರು, ಹರಟುವರು, ಹಾಡುವರು, ಓದುವರು, ಜಗಳವಾಡುವರು. ಹಿಂದೆ 2003ರಿಂದ ಏಡ್ಸ್ ನಿವಾರಣೆಯ ಅವಾಹನ್ ಎಂಬ ದೊಡ್ಡ ಯೋಜನೆಯು ಈ ರಾಜ್ಯದಲ್ಲಿ ನಡೆದಾಗ ಬೆಳಗಾವಿಯೂ ಅದರ ಜಿಲ್ಲೆಗಳಲ್ಲೊಂದಾಗಿತ್ತು. ಇಂಥ ಯೋಜನೆಗಳ ಜನರು ಬಂದು ಕೂಡಲು ಖೋಲಿಗಳನ್ನು ತೆರೆದರು, ಜೀವಗಳು ಉಳಿದವು. ಆ ಉಪಕಾರವನ್ನು ಮರೆಯಲಾಗದು. ಆದರೆ ಒಬ್ಬ ಮನುಷ್ಯನಿಗೆ ಸಮಾಜವು ತೆರೆದ ಬಾಗಿಲು ರೋಗದ ಬಾಗಿಲೊಂದೇ ಆಗುವದು ಎಂಥ ಅಪಮಾನ! ಯೋಜನೆಗೆ ಅವಧಿಯುಂಟು; ಅವಧಿ ಮುಗಿದಾಗ ಖೋಲಿಯ ಬಾಡಿಗೆಯೂ ಮುಗಿಯುವದು. ಮನುಷ್ಯನ ಒಂಟಿತನಕ್ಕೆ ಅಂಥ ಅವಧಿಯಿಲ್ಲ.

ಮೂರನೆಯವರ ಮಾತು ಬಹು ಚತುರವಾದದ್ದು. 'ಬೇರೆ ಮನೆಯನ್ನು ಕಟ್ಟಿದರೆ ಅವರನ್ನು ಬೇರೆ ಮಾಡಿದಂತಾಗುವದಿಲ್ಲವೇ? ಎಲ್ಲರೊಡನೆ ಬೆರೆಯಲಿ' ಎನ್ನುವರು. ಈ ಉಪದೇಶವನ್ನು ಮಾಡುವವರ ಊರೆಂಥದು? ಜಾತಿಗೊಂದು ಮಂಗಲಕಾರ್ಯಾಲಯ, ಪಂಗಡಕ್ಕೊಂದು ವಿದ್ಯಾರ್ಥಿನಿಲಯ, ಭಾಷೆಗೊಂದು ವಾಚನಾಲಯವಿರುವ ಊರು. 1916ರಲ್ಲಿ ಏಳು ಜನ ಶಿಕ್ಷಕರು ಇದೇ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದಾಗ ಬೇರೆಯಾಗುವಿರೆಂದು ಹೆದರಿ ಕೈಬಿಟ್ಟಿದ್ದರೆ ಉತ್ತರ ಕರ್ನಾಟಕದ ಎಷ್ಟು ಮನೆಗಳಲ್ಲಿ ಇಂದು ಪುಸ್ತಕಗಳಿರುತ್ತಿದ್ದವು? ತಮ್ಮವರೊಡನೆ ಒಮ್ಮೆ ನಿರ್ಭಯವಾಗಿ ಕುಳಿತವರೇ ಪರರೊಡನೆ ಸರಿಸಮವಾಗಿ ನಿಲ್ಲಬಲ್ಲರು. ಇನ್ನೂ ಹತ್ತಿರದ ದೃಷ್ಟಾಂತವು ಬೇಕಾದರೆ ಘಟಪ್ರಭೆಗೆ ಹೋಗಿ ನೋಡುವದು. ಅಲ್ಲಿ 1997ರಲ್ಲಿ ಮಾಜಿ ದೇವದಾಸಿಯರು ತಾವೇ ಮುಂದಾಗಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು. ಅದನ್ನು ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಪರಸ್ಥಳದ ದೃಷ್ಟಾಂತವೂ ಒಂದಿರಲಿ. ನ್ಯೂಯಾರ್ಕಿನಲ್ಲಿ 1983ರಲ್ಲಿ ಇಂಥ ಜನರ ಕೂಟವೊಂದು ಹುಟ್ಟಿ, ಹಳೆಯ ಶಾಲೆಯ ಕಟ್ಟಡವೊಂದರಲ್ಲಿ ನೆಲೆಸಿತು. ನಾಲ್ಕು ವರುಷಗಳ ನಂತರ, 1987ರ ಮಾರ್ಚಿಯಲ್ಲಿ, ಏಡ್ಸಿನಿಂದ ಜನ ಸಾಯುತ್ತಿರುವಾಗ ಸರಕಾರವು ಸುಮ್ಮನಿದ್ದುದನ್ನು ಕಂಡು ರೊಚ್ಚಿಗೆದ್ದವರು ಸೇರಿ ಆಕ್ಟ್ ಅಪ್ ಎಂಬ ಚಳುವಳಿಯನ್ನು ಹೂಡಿದ್ದು ಅದೇ ಕಟ್ಟಡದಲ್ಲಿ. ಆ ಚಳುವಳಿಯ ಒತ್ತಾಯದಿಂದ ಔಷಧಗಳ ಪರೀಕ್ಷೆಯು ತ್ವರಿತವಾಯಿತು. ಕೂಡಲು ಒಂದು ಚಾವಣಿಯಿಲ್ಲದಿದ್ದರೆ ಆ ರೊಚ್ಚು ಬೀದಿಯಲ್ಲಿಯೇ ಆರಿಹೋಗುತ್ತಿತ್ತು.

ಈ ವಾದದಲ್ಲಿ ಬಲ್ಲವರೂ ತಪ್ಪಿಬಿಡುವ ಒಂದು ಸಂಗತಿಯುಂಟು. ಜೋಗಪ್ಪನಿಗೆ ಎಷ್ಟೇ ಕಷ್ಟವಿದ್ದರೂ ದೇವಿಯ ಕಾವಲುಂಟು. ಆತನ ಸೀರೆಗೆ ಜನರು ಒಪ್ಪುವ ಒಂದು ಕಾರಣವುಂಟು. ದೇವಿಯು ಮೈಮೇಲೆ ಬರದೆ, ಜಗವನ್ನು ಹೊರದೆ, ಸುಮ್ಮನೆ ತಾನಿರುವಂತೆ ಇರಬಯಸುವವರ ಗತಿಯೇನು? ಗಂಡಸನ್ನೇ ಒಲಿದ ಗಂಡಸು, ಹೆಂಗಸನ್ನೇ ಒಲಿದ ಹೆಂಗಸು, ಹೆಣ್ಣೆಂದು ಬೆಳೆಸಿದರೂ ಗಂಡಾಗಿಯೇ ಬಾಳಬಯಸುವ ಮಗ. ಇವರಿಗೆ ಗುಡ್ಡವಿಲ್ಲ, ಹುಣ್ಣಿಮೆಯಿಲ್ಲ, ಪದವಿಲ್ಲ. ಜೋಗಪ್ಪಂದಿರಲ್ಲಿಯೂ ಕೆಲವರು ತಾವು ದೇವಿಯ ಮಕ್ಕಳೆಂದು ಇವರಿಂದ ದೂರ ನಿಲ್ಲುವದುಂಟು. ಇವರು ಬೀದಿಯಲ್ಲಿಲ್ಲ, ಜಾತ್ರೆಯಲ್ಲಿಲ್ಲ. ಸುಶಿಕ್ಷಿತರ ಮನೆಗಳಲ್ಲಿಯೇ ಇರುವರು. ಪದವಿ ಪಡೆದ ಮಗಳು ಬಂದ ವರಗಳನ್ನೆಲ್ಲ ಏಕೆ ನಿರಾಕರಿಸುವಳೆಂದು ತಾಯಿಯು ದೇವರಿಗೆ ಹರಕೆ ಹೊರುವಳು. ತಂದೆಯು ಜಾತಕವನ್ನು ಮತ್ತೊಬ್ಬರಿಗೆ ತೋರಿಸುವನು. ಕೇಳಬೇಕಾದವಳನ್ನು ಮಾತ್ರ ಯಾರೂ ಕೇಳುವದಿಲ್ಲ. ಕೊನೆಗೊಂದು ಮದುವೆಯಾಗುವದು. ಅದರಿಂದ ಕೆಡುವ ಬಾಳುಗಳು ಎರಡು; ಏನೂ ಅರಿಯದೆ ಕೈಹಿಡಿದವನದೂ ಸೇರಿ. ಸಮಲಿಂಗದವರ ವಿವಾಹವನ್ನು ಮಾನ್ಯ ಮಾಡುವದು ಶಾಸನಸಭೆಯ ಕೆಲಸವೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ 17ರಂದು ಹೇಳಿತು. ಹೀಗೆ ನ್ಯಾಯಾಲಯವು ಮನೆ ಕಟ್ಟಿಕೊಡಲಾರೆನೆಂದಾಗ ಊರು ಒಂದು ಪಡಸಾಲೆಯನ್ನಾದರೂ ಕೊಡಬಾರದೇ?

2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿಯವರು ರಾಷ್ಟ್ರಪತಿಗಳಿಂದ ಪದ್ಮಶ್ರೀಯನ್ನು ಸ್ವೀಕರಿಸುವ ಮೊದಲು ಸೆರಗಿನಿಂದ ಅವರಿಗೆ ದೃಷ್ಟಿ ತೆಗೆದ ನೋಟವನ್ನು ಈ ಜಿಲ್ಲೆಯ ಮನೆಮನೆಗಳಲ್ಲಿ ನೋಡಿ ಹಿಗ್ಗಿದರು. ಹೆತ್ತವರ ಮನೆ ತಪ್ಪಿ, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರ ಬಳಿಯಲ್ಲಿ ಕಲೆಯನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆಯವರೆಗೆ ಏರಿದ ಬಾಳು ಅದು. ಹಿಗ್ಗಿದ್ದು ಒಳ್ಳೆಯದೇ. ಆದರೆ ಆ ಬಾಳಿನ ಮೊದಲಿನ ಭಾಗದಲ್ಲಿರುವ ಹುಡುಗಿಯು ಇಂದು ತಮ್ಮ ಓಣಿಗೆ ಬಂದರೆ ಆ ಹಿಗ್ಗಿದವರು ಮಾಡುವದೇನು?

ಸ್ಥಳದ ಮಾತಿಗೆ ಬಂದರೆ, ವಡಗಾವಿಗಿಂತ ಯೋಗ್ಯವಾದದ್ದು ಸಿಗಲಾರದು. ಅದು ನೇಕಾರರ ಊರು. ಬೆಳಗಿನಿಂದ ಮಗ್ಗದ ಸಪ್ಪಳವು ಓಣಿಯಲ್ಲಿರುವದು. ದೇಹವನ್ನು ನೋಡಿ ಜನರು ಗಂಡುಹೆಣ್ಣೆಂದು ಎಣಿಸಿದರೂ ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲವೆಂದು ಕನ್ನಡದಲ್ಲಿ ತಿಳಿಹೇಳಿದ ಜೇಡರ ದಾಸಿಮಯ್ಯನೂ ನೇಕಾರನೇ. ಆಷಾಢದಲ್ಲಿ ಮಂಗಾಯಿದೇವಿಯ ಜಾತ್ರೆಗೆ ಕನ್ನಡಿಗ ಮರಾಠಿಗರೆಂಬ ಎಣಿಕೆಯಿಲ್ಲದೆ ಜನ ಸೇರುವ ಸ್ಥಳವದು. ಮಗ್ಗ ನಿಂತುಹೋದ ಒಂದು ಹಳೆಯ ಮನೆ, ಎರಡು ಖೋಲಿ, ಒಂದು ಪಡಸಾಲೆ, ಒಂದು ನೀರಿನ ನಲ್ಲಿ ಸಾಕು. ಬಾಗಿಲಿಗೆ ಒಂದು ಕರಿಹಲಗೆಯಿರಲಿ. ಅದರ ಮೇಲೆ ಬರುವ ವಾರದ ವಾರ್ತೆಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸುಣ್ಣದ ಕಡ್ಡಿಯಿಂದ ಬರೆಯಲಿ: ಮಂಗಳವಾರ ಸಂಜೆ ಚೌಡಿಕೆಯ ಪಾಠ, ಗುರುವಾರ ಅರ್ಜಿಗಳನ್ನು ತುಂಬಿಕೊಡುವದು, ಶನಿವಾರ ವಕೀಲರೊಬ್ಬರು ಬರುವರು, ರವಿವಾರ ಮಕ್ಕಳ ವಿಷಯದಲ್ಲಿ ಗಾಬರಿಗೊಂಡ ತಾಯಿತಂದೆಗಳು ಬಂದು ಕೂಡುವದು, ಹೆಸರು ಹೇಳುವ ಕಾರಣವಿಲ್ಲ. ಒಬ್ಬರಿಗೆ ನೌಕರಿ ಸಿಕ್ಕಿತೆಂಬ ಸುದ್ದಿ, ಒಬ್ಬರಿಗೆ ಮೈಗೆ ನೆಟ್ಟಗಿಲ್ಲವೆಂಬ ಸುದ್ದಿ, ಬಾಡಿಗೆಗೆ ಖೋಲಿ ಕೊಡಲು ಇಂಥವರು ಒಪ್ಪಿದ್ದಾರೆಂಬ ಸುದ್ದಿ. ಬಹುತೇಕ ವಾರಗಳಲ್ಲಿ ಹಲಗೆಯ ಮೇಲೆ ಪತ್ರಿಕೆಗೆ ಕಳಿಸತಕ್ಕಂಥದೇನೂ ಇರಲಾರದು, ಇರದಿರುವದೇ ಲೇಸು.

ಖರ್ಚಿನ ಮಾತನ್ನೂ ಕೆಲವರು ಎತ್ತುವರು. ಸವದತ್ತಿಯ ಎಲ್ಲಮ್ಮನ ಗುಡ್ಡದ ಅಭಿವೃದ್ಧಿಗೆಂದು 2024ರ ನವೆಂಬರಿನಲ್ಲಿ ಕೇಂದ್ರ ಸರಕಾರವು 100 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಾತ್ರಿಕರಿಗೆ ನೆರಳು, ನೀರು, ದಾರಿಗಳಾಗಲಿ, ಬೇಡವೆನ್ನುವವರಾರು? ಆದರೆ ಆ ಗುಡ್ಡದ ಕೀರ್ತಿಯನ್ನು ನಾಲ್ಕು ರಾಜ್ಯಗಳ ದಾರಿಗಳಲ್ಲಿ ತಲೆಯ ಮೇಲೆ ಹೊತ್ತು ತಿರುಗಿದವರಾರೆಂಬುದನ್ನು ಆ ಲೆಕ್ಕದ ಪುಸ್ತಕದಲ್ಲಿ ಯಾರಾದರೂ ಒಮ್ಮೆ ಬರೆಯಬೇಕು. ನೂರು ಕೋಟಿಯಲ್ಲಿ ಒಂದು ಮಗ್ಗದ ಮನೆಯ ಬಾಡಿಗೆಯು ಎಷ್ಟನೆಯ ದಶಾಂಶವಾಗುವದೋ ಗಣಿತಜ್ಞರು ಹೇಳಲಿ.

ಸರಕಾರದ ಹಾದಿಯನ್ನು ಕಾಯುವ ಕಾರಣವೂ ಇಲ್ಲ. ಜಿಲ್ಲೆಯ ಸಾಹಿತ್ಯ ಸಂಘಗಳ, ವಾಚನಾಲಯಗಳ, ಸಮಾಜ ಮಂದಿರಗಳ ಖೋಲಿಗಳು ವಾರದಲ್ಲಿ ಎಷ್ಟು ಸಂಜೆ ಬೀಗ ಹಾಕಿಕೊಂಡಿರುವವೆಂಬುದು ಅವುಗಳ ಕಾರ್ಯಕಾರಿ ಮಂಡಳಿಗಳಿಗೆ ಗೊತ್ತಿದ್ದದ್ದೇ. ಮನೆಯೊಂದು ಸಿಗುವವರೆಗೆ ವಾರಕ್ಕೊಂದು ಸಂಜೆ, ಆರರಿಂದ ಎಂಟರವರೆಗೆ, ಒಂದು ಖೋಲಿಯ ಬೀಗವನ್ನು ತೆಗೆಯಲು ಮಂಡಳಿಯ ಒಂದು ಠರಾವು ಸಾಕು. ಮುಂದಿನ ಹೊಸ್ತಿಲ ಹುಣ್ಣಿಮೆಯೊಳಗೆ ಯಾವ ಸಂಘವು ಆ ಠರಾವನ್ನು ಮಾಡುವದೋ, ಯಾವದು ಕೋರಂ ಇಲ್ಲವೆಂದು ಸಭೆಯನ್ನು ಮುಂದೂಡುವದೋ, ಸದಸ್ಯರು ನೋಡಿಕೊಳ್ಳಲಿ.